ಕೆರೆ ಕಾಣುವ ಮೇಜು

ವರ್ಷದಲ್ಲಿ ನಾಲ್ಕು ತಿಂಗಳು ರೋಸಿನಾ ಯಾಫ್ತಾಳಿಗೆ ಸೊಂಟದ ಕೆಳಗೆ ಮೈಯೇ ಇರುವುದಿಲ್ಲ ಎಂದು ಕೇಪ್ ಸೀಮೆಯ ಕ್ವೇಪರ್‌ದಾಲ್ ತೋಟದ ಸಾಲುಮನೆಗಳಲ್ಲಿ ತಮಾಷೆ ಮಾಡುತ್ತಿದ್ದರು. ಮಾತು ಪೂರ್ತಿ ಸುಳ್ಳೇನಲ್ಲ. ಆ ಸೀಮೆಗೆ ಚಳಿಗಾಲ ಬರುವುದೇ ಜೂನ್ ತಿಂಗಳಲ್ಲಿ; ಚಳಿಮಳೆ ಹಿಡಿದು ದ್ರಾಕ್ಷಿ ಬಳ್ಳಿಗಳು ಬೋಳಾದವೆಂದರೆ ಅವಳು ತೋಟದ ಕೆರೆಗೆ ಇಳಿದಳೆಂದೇ ಲೆಕ್ಕ. ಎದೆಮಟ್ಟದ ರಬ್ಬರ್ ಉಡುಪು, ತಲೆಗೆ ಕೆಂಪು ಉಣ್ಣೆಯ ಟೊಪ್ಪಿ, ಹಿಂದೆ ತೇಲುವ ಟ್ರ್ಯಾಕ್ಟರ್ ಟ್ಯೂಬು, ಅದರ ಮೇಲೊಂದು ಗೋಣಿಚೀಲ. ಅಕ್ಟೋಬರ್ ತನಕ ಊರವರಿಗೆ ಅವಳು ಕಾಣುತ್ತಿದ್ದುದು ಅರ್ಧವೇ.

ಅವಳು ಕೀಳುತ್ತಿದ್ದುದು ನೀರುಹೂ. ಕೆರೆಯ ತುಂಬ ಬೆಳ್ಳಗೆ ತೇಲುವ ಈ ಹೂವನ್ನು ದೇವರಿಗೂ ಏರಿಸುವುದಿಲ್ಲ, ಮುಡಿಗೂ ಮುಡಿಯುವುದಿಲ್ಲ. ಕುರಿಮಾಂಸದ ಜೊತೆ ಪಾತ್ರೆಗೆ ಹಾಕುತ್ತಾರೆ. ಒಂದು ಹಿಡಿ ಕಾಡು ಹುಳಿಸೊಪ್ಪು ಬಿದ್ದು, ಸಣ್ಣ ಉರಿಯಲ್ಲಿ ಮೂರು ಗಂಟೆ ಬೆಂದರೆ ಬ್ರೀಡಿ ತಯಾರು. ಕೇಪ್ ಸೀಮೆಯಲ್ಲಿ ಚಳಿಗಾಲ ಕಳೆಯುವುದರೊಳಗೆ ಒಂದು ಸಲವಾದರೂ ಬ್ರೀಡಿ ತಿನ್ನದವರನ್ನು ಕಾಯಿಲೆಯವರ ಹಾಗೆ ನೋಡುತ್ತಾರೆ.

ಈ ಕೆಲಸ ಒಬ್ಬರದಲ್ಲ, ಇಬ್ಬರದು. ಕೆರೆಯ ತಳದಲ್ಲಿ ಮೊಣಕಾಲುದ್ದ ಕೆಸರು. ಕಾಲು ಹೂತರೆ ಎಳೆಯಲು ಇನ್ನೊಂದು ಜೀವ ಬೇಕು. ಅದಕ್ಕೇ ಒಂದೇ ಹಗ್ಗ, ಒಂದು ತುದಿ ಇವಳ ಸೊಂಟಕ್ಕೆ, ಇನ್ನೊಂದು ಅವಳ ಸೊಂಟಕ್ಕೆ. ಹಗ್ಗದ ಆಚೆ ತುದಿಯಲ್ಲಿ ಮನುಷ್ಯರಿಲ್ಲದೆ ನೀರಿಗೆ ಇಳಿಯಕೂಡದು ಎಂದು ತಾಯಿ ಕಟ್ಟಪ್ಪಣೆ ಮಾಡಿ ಸತ್ತಿದ್ದಳು. ಮೂವತ್ತೆರಡು ವರ್ಷ ರೋಸಿನಾಳ ಹಗ್ಗದ ಆಚೆ ತುದಿಯಲ್ಲಿ ಇದ್ದವಳು ತಂಗಿ ಸನ್ನಾ. ರೋಸಿನಾ ಕಡ್ಡಿಯಂಥವಳು, ಮೆತ್ತಗೆ ಮಾತಾಡುವವಳು. ಸನ್ನಾ ಗುಂಡಗೆ, ಅಗಲಕ್ಕೆ. ಬಾಯಿ ತೆಗೆದರೆ ಕೆರೆಯ ಆಚೆ ದಡದ ಹಕ್ಕಿಗಳೆಲ್ಲ ಎದ್ದು ಹಾರಬೇಕು.

ಕೆರೆಯ ಮೇಲಿನ ದಿಬ್ಬದಲ್ಲಿ ತೋಟದ ದೊಡ್ಡಮನೆ. ಬಿಳಿ ಗೋಡೆ, ಹುಲ್ಲಿನ ಮಾಡು, ಮುಂದೆ ಮುದಿ ಓಕ್ ಮರಗಳು. ಕಟ್ಟಿ ಮುನ್ನೂರು ವರ್ಷವಾಯಿತೆಂದು ಬಾಗಿಲ ಮೇಲೆ ಕೆತ್ತಿದ ಅಂಕಿಯೇ ಹೇಳುತ್ತದೆ. ಹಿಂದಿನ ಯಜಮಾನರ ನಡುಮನೆ ಈಗ ಊಟದ ಮನೆಯಾಗಿದೆ. ಕೇಪ್‌ಟೌನಿನಿಂದ, ಕಡಲಾಚೆಯಿಂದ ಜನ ಕಾರು ಮಾಡಿಕೊಂಡು ಬಂದು, ನೆಲಮಾಳಿಗೆಯ ವೈನ್ ಕುಡಿದು, ಮೂರು ತಾಸು ಕೂತು ಉಂಡು ಹೋಗುತ್ತಾರೆ. ಅಲ್ಲೊಂದು ದೊಡ್ಡ ಕಿಟಕಿ, ಕಿಟಕಿಗೆ ನೇರವಾಗಿ ಕೆರೆ. ಎರಡು ಗ್ಲಾಸು ಇಳಿಯಿತೆಂದರೆ ಆ ಕಿಟಕಿಯಿಂದ ಕೈಗಳು ಬೀಸತೊಡಗುತ್ತಿದ್ದವು. ನೀರಿನಲ್ಲಿ ನಿಂತ ಅಕ್ಕತಂಗಿಯರಿಗೆ!

"ಕೈ ಎತ್ತಿದ್ರೆ ನೋಡು!" ಎಂದು ಸನ್ನಾ ಮೊದಲ ವರ್ಷವೇ ಗದರಿದ್ದಳು. "ನಾವೇನು ಬಾತುಕೋಳಿಗಳಾ? ಬ್ರೆಡ್ಡು ಎಸೀಲಿ ಅಂತ ಕಾಯ್ತಾ ಇದೀವಾ?" ಅಂದಿನಿಂದ ಇಬ್ಬರೂ ಒಂದು ದಿನವೂ ತಿರುಗಿ ಕೈ ಬೀಸಿದವರಲ್ಲ.

ಆದರೆ ರೋಸಿನಾಳ ಮನಸ್ಸಿನಲ್ಲಿ ಒಂದು ಹುಳ ಸೇರಿಕೊಂಡಿತ್ತು. ಅವರೆಲ್ಲ ಅಷ್ಟು ಹೊತ್ತು ಏನು ನೋಡುತ್ತಾರೆ? ಚಳಿಗೆ ಹಲ್ಲು ಕಟಕಟ ಅನ್ನುವಾಗ, ಬೆರಳು ಸೆಟೆದು ಕತ್ತರಿ ಜಾರುವಾಗ, ತಾವಿಬ್ಬರೂ ಅಲ್ಲಿಂದ ಹೇಗೆ ಕಾಣುತ್ತೇವೆ? ಮಗಳು ಬೆರ್ನಡೀನ್ ಅದೇ ಊಟದ ಮನೆಯಲ್ಲಿ ಬಡಿಸುವವಳು. ಕೇಳಿದರೆ, "ಚೆನ್ನಾಗೇ ಕಾಣ್ತೀರ ಮಾ," ಎಂದು ಮುಗಿಸಿಬಿಡುತ್ತಿದ್ದಳು. ಪೆಟ್ಟಿಗೆಯಲ್ಲಿ ಮಲಗಿಸಿದ ಹೆಣವನ್ನು ನೋಡಿಯೂ ಜನ ಅಷ್ಟೇ ಹೇಳುತ್ತಾರೆ. ಆ ಕಿಟಕಿಯ ಬಳಿ ಒಂದೇ ಒಂದು ಸಲ ಕೂತು ಕಣ್ಣಾರೆ ನೋಡಬೇಕೆಂಬುದು ಅರವತ್ತೊಂದು ವರ್ಷದ ರೋಸಿನಾಳ ಆಸೆ. ಮನೆ ಕಟ್ಟಬೇಕು, ಕಾರು ಕೊಳ್ಳಬೇಕು ಎಂಬ ಆಸೆಗಳೆಲ್ಲ ಇವಳ ತಲೆಗೆ ಯಾಕೆ ಹೊಳೆಯಲಿಲ್ಲವೋ, ನನಗಂತೂ ಗೊತ್ತಿಲ್ಲ.

ಆ ಸೆಪ್ಟೆಂಬರಿನಲ್ಲಿ ಬೆರ್ನಡೀನ್‌ಗೆ ಕೆಲಸಕ್ಕೆ ಸೇರಿ ಹತ್ತು ವರ್ಷ ತುಂಬಿತು. ಹತ್ತು ತುಂಬಿದವರಿಗೆ ತೋಟದವರು ಇಬ್ಬರ ಊಟ ಕೊಡುತ್ತಾರೆ, ಬೇಕಾದ ದಿನ, ಬೇಕಾದ ಮೇಜಿನಲ್ಲಿ. ಮಗಳು ಹಿಂದೆಮುಂದೆ ನೋಡದೆ ತಾಯಿಯ ಹೆಸರನ್ನೂ ಚಿಕ್ಕಮ್ಮನ ಹೆಸರನ್ನೂ ಬರೆಸಿಬಿಟ್ಟಳು. ಕಿಟಕಿಯ ಮೇಜು, ಗುರುವಾರ ಮಧ್ಯಾಹ್ನ.

ರೋಸಿನಾ ಕುಣಿಯುತ್ತಾ ಪಕ್ಕದ ಮನೆಗೆ ಹೋದಳು. ಸನ್ನಾ ಹಿತ್ತಲಲ್ಲಿ ಉಪ್ಪುನೀರಿನಲ್ಲಿ ಹೂ ತೊಳೆಯುತ್ತಿದ್ದಳು.

"ಎಲ್ಲಿಗೆ? ಆ ಮನೆಗಾ?" ಸನ್ನಾಳ ಕೈ ನೀರಿನಲ್ಲೇ ನಿಂತಿತು. "ಮೂವತ್ತೆರಡು ವರ್ಷ ನಮ್ಮನ್ನ ಬಾತುಕೋಳಿ ನೋಡ್ದಂಗೆ ನೋಡ್ದೋರ ಪಕ್ಕ ಕೂತು ಉಣ್ಬೇಕಾ ನಾನು? ಅಮ್ಮ ಆ ಮನೇಲಿ ಹತ್ತೊಂಬತ್ತು ವರ್ಷ ಅಡುಗೆ ಮಾಡಿದ್ಲು ಸಸ್. ಒಂದಿನ ಮೇಜಿಗೆ ಕೂತ್ಲಾ? ಹಿತ್ಲ ಬಾಗ್ಲ ಮೆಟ್ಲ ಮೇಲೆ ತಟ್ಟೆ ತೊಡೆ ಮೇಲಿಟ್ಕೊಂಡು ಉಂಡ್ಲು." ಅಕ್ಕನನ್ನು ಸನ್ನಾ ಬುದ್ಧಿ ಬಂದಾಗಿನಿಂದ ಕರೆಯುವುದು ಸಸ್ ಎಂದೇ.

"ಅದಕ್ಕೇ ಕಣೇ ಹೋಗ್ಬೇಕು."

"ನೀ ಹೋಗು. ನಾ ಬರಲ್ಲ."

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಮೆತ್ತಗಿನವರಿಗೆ ಸಿಟ್ಟು ಬಂದರೆ ಎಲ್ಲಿ ಚುಚ್ಚಬಾರದೋ ಅಲ್ಲೇ ಚುಚ್ಚುತ್ತಾರೆ. "ಫೋರ್ಕು ಹಿಡಿಯಕ್ಕೆ ಬರಲ್ಲ ಅಂತ ಹೆದ್ರಿಕೆ ನಿಂಗೆ," ಎಂದಳು ರೋಸಿನಾ. "ಅದಕ್ಕೆ ಸತ್ತ ಅಮ್ಮನ್ನ ಯಾಕೆ ಎಳೀತೀಯಾ?"

ಸನ್ನಾಳ ಮುಖ ಕೆಂಪಗಾಯಿತು. ಕೆರೆಯಿಂದ ಬಂದ ಮೇಲೂ ಸೊಂಟದಲ್ಲೇ ಉಳಿದಿದ್ದ ಹಗ್ಗವನ್ನು ಬಿಚ್ಚಿ ಅಕ್ಕನ ಕಾಲ ಬಳಿ ಎಸೆದಳು. "ಹಂಗಾದ್ರೆ ನಿನ್ ಹಗ್ಗ ಹಿಡಿಯಕ್ಕೂ ಆ ಫೋರ್ಕಿನೋರನ್ನೇ ಕರ್ಕೊ!"

ಎರಡು ವಾರ ಮಾತಿಲ್ಲ, ಕತೆಯಿಲ್ಲ. ಎರಡು ಮನೆಗೂ ಒಂದೇ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆ ಗೊತ್ತಾಗುತ್ತದೆ, ಆದರೂ ಇಬ್ಬರೂ ಕೆಮ್ಮನ್ನೇ ನುಂಗಿಕೊಂಡು ಬದುಕಿದರು. ಹಗ್ಗದ ಆಚೆ ತುದಿಯಿಲ್ಲದೆ ಇಬ್ಬರೂ ನೀರಿಗೆ ಇಳಿಯುವಂತಿಲ್ಲ, ಹೂ ಕೆರೆಯಲ್ಲೇ ಬಲಿಯತೊಡಗಿತು. ಸನ್ನಾಳ ಗಂಡ ಫ್ಲೋರ್ಸ್ ಪಾಪದ ಮನುಷ್ಯ. ಉಪ್ಪು ಬೇಕೆಂದರೆ ಅವನು ಬರಬೇಕು, ಬಟ್ಟಲು ವಾಪಸು ಕೊಡಲು ಅವನೇ ಹೋಗಬೇಕು.

"ನಿಮ್ಮಿಬ್ರ ಮಧ್ಯೆ ನನ್ ಚಪ್ಪಲಿ ಸವೀತು," ಎಂದು ಅವನು ರೋಸಿನಾಳ ಬಾಗಿಲಲ್ಲಿ ನಿಂತು ಗೊಣಗಿದ. "ಸಸ್ ರೋಸಿ, ಒಂದ್ ಮಾತು 'ತಪ್ಪಾಯ್ತು' ಅಂದ್ಬಿಡು. ನಿನ್ ಗಂಟೇನು ಹೋಗುತ್ತೆ?"

"ಅವಳು ಹಗ್ಗ ಎಸೆದ್ಲು. ಅವಳೇ ಹೇಳ್ಲಿ."

"ಅವಳೂ ಹಿಂಗೇ ಅಂತಾಳೆ. ಒಂದೇ ಹೊಟ್ಟೇಲಿ ಹುಟ್ಟಿದ್ದು ಸುಳ್ಳಾಗಲ್ಲ ಬಿಡು."

ಗುರುವಾರ ಬಂತು. ರೋಸಿನಾ ಇಗರ್ಜಿಗೆ ಹೋಗುವಾಗ ತೊಡುವ ಹಳದಿ ಉಡುಗೆ ತೊಟ್ಟು, ಹೂವಿನ ಹ್ಯಾಟು ಇಟ್ಟು, ಕೈಚೀಲದೊಳಗೆ ಖಾಲಿ ಐಸ್‌ಕ್ರೀಮ್ ಡಬ್ಬಿಯೊಂದನ್ನು ತುರುಕಿಕೊಂಡಳು. ಅದು ಬರಕತ್ತಿನ ಡಬ್ಬಿ. ಮದುವೆಯಿರಲಿ, ಸಾವಿರಲಿ, ಅವರ ಕಡೆ ಉಂಡೆದ್ದವರು ಬಾರದವರ ಪಾಲನ್ನು ಕಟ್ಟಿಸಿಕೊಂಡೇ ಬರಬೇಕು; ಬರಿಗೈಯಲ್ಲಿ ಬಂದರೆ ಮನೆಯವರಿಗೆ ಅವಮಾನ. ಬಾರದವಳ ಮೇಲೆ ಎಷ್ಟೇ ಸಿಟ್ಟಿದ್ದರೂ ಡಬ್ಬಿ ಮರೆತು ಹೋಗುವಷ್ಟು ದೊಡ್ಡ ಸಿಟ್ಟು ರೋಸಿನಾಳಿಗೆ ಬರುವುದಿಲ್ಲ.

ದಿಬ್ಬ ಹತ್ತಿ ಓಕ್ ಮರಗಳ ಕೆಳಗೆ ಬಂದಳು. ಅಲ್ಲಿಂದ ಕಾಲುಗಳು ತಮ್ಮಷ್ಟಕ್ಕೆ ಎಡಕ್ಕೆ ತಿರುಗಿದವು. ಕಟ್ಟಿಗೆ ರಾಶಿ ದಾಟಿ, ಕಸದ ಡಬ್ಬಗಳನ್ನು ದಾಟಿ, ಅಡುಗೆಮನೆಯ ಅರ್ಧಬಾಗಿಲ ಮುಂದೆ ನಿಂತಾಗಲೇ ಅವಳಿಗೆ ಎಚ್ಚರವಾದದ್ದು. ಚಿಕ್ಕಂದಿನಲ್ಲಿ ಅಮ್ಮನಿಗೆ ಶಾಲು ಕೊಡಲು ಬಂದ ದಾರಿ, ಮೂವತ್ತೆರಡು ವರ್ಷ ಹೂವಿನ ಚೀಲ ಇಳಿಸಿದ ದಾರಿ. ಬೇರೆ ದಾರಿ ಕಾಲಿಗೆ ಗೊತ್ತಿದ್ದರೆ ತಾನೆ?

"ಮಾ!" ಒಳಗಿನಿಂದ ಬೆರ್ನಡೀನ್ ಓಡಿ ಬಂದಳು. ಕಪ್ಪು ಅಂಗಿ, ಬಿಳಿ ಏಪ್ರನ್. "ಇಲ್ಯಾಕೆ ಬಂದೆ? ಮುಂಬಾಗಿಲಲ್ಲಿ ನಿಂತು ನಿಂತು ನನ್ ಕಾಲು ಬಿದ್ದೋಯ್ತು."

"ಬಂದಾಯ್ತಲ್ಲ. ಇಲ್ಲಿಂದಾನೇ ಒಳಗೆ ಬರ್ತೀನಿ ಬಿಡು."

"ಬರಂಗಿಲ್ಲ," ಎಂದಳು ಮಗಳು. ತಾಯಿಯ ರಟ್ಟೆ ಹಿಡಿದು, ಮನೆಯನ್ನು ಪೂರ್ತಿ ಸುತ್ತುಹಾಕಿಸಿ, ಕೆತ್ತಿದ ಅಂಕಿಯ ಕೆಳಗಿನ ಮುಂಬಾಗಿಲಿಂದಲೇ ಒಳಗೆ ಕರೆದೊಯ್ದಳು. ಹೊಸಿಲು ದಾಟುವಾಗ ರೋಸಿನಾಳಿಗೆ ಅಮ್ಮನ ನೆನಪು ಒತ್ತರಿಸಿ ಬಂತು. ಹ್ಯಾಟನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ, ತಟ್ಟೆಯ ಎರಡೂ ಕಡೆ ಚಾಕು ಚಮಚಗಳ ಪಡೆ. ಎದುರಿಗೆ ಖಾಲಿ ಕುರ್ಚಿ. ಬೆರ್ನಡೀನ್ ಕೆಲಸದ ದನಿ ತಂದುಕೊಂಡಳು. "ಮೇಡಂ, ಮೊದಲಿಗೆ ವೈನ್ ಕೊಡಲೇ?"

"ಇನ್ನೊಂದ್ಸಲ ಮೇಡಂ ಅಂದ್ರೆ ಕಪಾಳಕ್ಕೆ ಬೀಳುತ್ತೆ."

ಬೆರ್ನಡೀನ್ ನಗು ತಡೆದುಕೊಂಡು ಗ್ಲಾಸಿನ ತಳಕ್ಕೆ ಒಂದಿಷ್ಟು ಹಾಕಿದಳು. ರೋಸಿನಾ ಗ್ಲಾಸನ್ನು ಎತ್ತಿ ನೋಡಿದಳು. "ಇಷ್ಟೇನಾ? ನೆಗಡಿಗೆ ಔಷಧಿ ಕೊಡ್ತಿದೀಯಾ?"

"ರುಚಿ ನೋಡು ಮಾ. ಹಿಡಿಸಿದ್ರೆ ತುಂಬಾ ಹಾಕ್ತೀನಿ. ಮೇಲಿನ ಹಳೇ ತಾಕಿಂದು."

"ಹಿಡಿಸ್ದೆ ಏನು? ಆ ಬಳ್ಳಿಗಳನ್ನ ಕತ್ತರಿಸಿದ್ದು ನಿಮ್ಮಪ್ಪ." ರೋಸಿನಾ ಒಂದು ಗುಟುಕು ಕುಡಿದು, ತೀರಿಹೋದ ಗಂಡನಿಗೆಂದು ಗ್ಲಾಸನ್ನು ಒಂದಿಷ್ಟು ಮೇಲೆತ್ತಿದಳು. "ಸ್ವಲ್ಪ ಹುಳಿ. ಅವನ ಹಂಗೇನೇ. ಹಾಕು."

ಆಮೇಲೆ, ಮೂವತ್ತೆರಡು ವರ್ಷ ಕಾದಿದ್ದನ್ನು ಇನ್ನೂ ಒಂದು ಗಳಿಗೆ ಕಾಯಿಸುವವಳಂತೆ ತೊಡೆಗೆ ಕರವಸ್ತ್ರ ಹಾಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಿಟಕಿಯ ಕಡೆ ತಿರುಗಿದಳು.

ಕೆರೆ ಖಾಲಿಯಿತ್ತು.

ಬಿಸಿಲು, ನೀರು, ಬೆಳ್ಳನೆಯ ಹೂ, ಹತ್ತಾರು ಬಾತುಕೋಳಿ. ಅಷ್ಟೇ. ಖಾಲಿಯಿರದೆ ಇನ್ನೇನು? ಕೆರೆಯಲ್ಲಿ ಇರಬೇಕಾದವಳು ಇಲ್ಲಿ ಕರವಸ್ತ್ರ ಹಾಸಿಕೊಂಡು ಕೂತಿದ್ದಾಳೆ. ಇನ್ನೊಬ್ಬಳು ಗೋಡೆಯಾಚೆ ಮುಖ ಗಂಟುಹಾಕಿಕೊಂಡು ಕೂತಿದ್ದಾಳೆ. ಇಷ್ಟು ಸಣ್ಣ ವಿಷಯ ಇಷ್ಟು ವರ್ಷ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ರೋಸಿನಾಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ದುಃಖ ಬಂತು. ಇಂಥ ಪೆದ್ದುತನಕ್ಕೆ ಒಟ್ಟಿಗೆ ಬಿದ್ದು ಬಿದ್ದು ನಗಬೇಕಾಗಿದ್ದವಳು ಎದುರಿನ ಕುರ್ಚಿಯಲ್ಲಿ ಇರಲಿಲ್ಲ.

ಬ್ರೀಡಿ ಬಂತು. ಬುಟ್ಟಿಯಷ್ಟು ಅಗಲದ ತಟ್ಟೆ, ನಡುವೆ ಅಂಗೈಯಗಲ ಮಾಂಸ, ಅದರ ಮೇಲೆ ಇಕ್ಕಳದಲ್ಲಿ ಎತ್ತಿಟ್ಟಂತೆ ಐದು ಹೂ.

"ಐದೇನಾ? ನಾನು ಚೀಲಗಟ್ಲೆ ಕಿತ್ತುಕೊಡ್ತೀನಿ, ಇವ್ರು ಎಣಿಸಿ ಬಡಿಸ್ತಾರಾ?"

"ಹೀಗೇ ಮಾ ಇಲ್ಲಿ. ತಿನ್ನು ಮೊದ್ಲು."

ಬೈಯಬೇಕೆಂದೇ ಬಾಯಿಗಿಟ್ಟಳು. ಬೈಯಲು ಏನೂ ಸಿಗಲಿಲ್ಲ. ಮಾಂಸ ಬೆಣ್ಣೆಯಾಗಿತ್ತು, ಹುಳಿಸೊಪ್ಪು ಅಮ್ಮ ಹಾಕುತ್ತಿದ್ದಷ್ಟೇ ಬಿದ್ದಿತ್ತು. ಅಮ್ಮನ ಕೈರುಚಿ ಅಮ್ಮ ಹೋದ ಮೇಲೂ ಈ ಅಡುಗೆಮನೆಯಲ್ಲಿ ಉಳಿದುಕೊಂಡಿತ್ತು. ರೋಸಿನಾ ಎರಡು ಹೂ ತಿಂದು, ಸುತ್ತ ಒಮ್ಮೆ ನೋಡಿ, ಮೆಲ್ಲಗೆ ಡಬ್ಬಿ ತೆಗೆದಳು.

"ಮಾ! ಒಳಗಿಡು ಅದನ್ನ!" ಬೆರ್ನಡೀನ್ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಎಲ್ರೂ ನೋಡ್ತಿದಾರೆ!"

"ನೋಡ್ಲಿ. ಎದುರಿನ ಕುರ್ಚಿಯ ಪಾಲು ಎಲ್ಲಿ? ಅವಳದ್ದೂ ತಗೊಂಡ್ ಬಾ, ಡಬ್ಬಿಗೆ ಹಾಕು."

ಬೆರ್ನಡೀನ್ ಉತ್ತರ ಕೊಡುವಷ್ಟರಲ್ಲಿ ಪಕ್ಕದ ಮೇಜಿನ ಬಿಳಿಗೂದಲಿನ ಹೆಂಗಸು ತನ್ನ ಗಂಡನ ತೋಳು ತಟ್ಟಿದಳು. "ಅಯ್ಯೋ, ಅಲ್ನೋಡಿ! ಎಷ್ಟು ಚಂದ!"

ರೋಸಿನಾ ತಿರುಗಿದಳು. ಕೆರೆಯ ನಡುವೆ ಒಂದು ಕೆಂಪು ಟೊಪ್ಪಿ.

ಅದು ಅವಳದೇ ಟೊಪ್ಪಿ, ಹಿತ್ತಲ ಮೊಳೆಗೆ ನೇತುಹಾಕಿದ್ದು. ಅದರ ಕೆಳಗಿನ ಅಗಲವಾದ ಹೆಗಲು ಮಾತ್ರ ಅವಳದಲ್ಲ. ಸನ್ನಾ! ಒಬ್ಬಳೇ ನೀರಿನಲ್ಲಿ! ರೋಸಿನಾ ಕುರ್ಚಿ ದೂಡಿ ಎದ್ದುನಿಂತಳು. ಆಮೇಲೆ ಹಗ್ಗ ಕಂಡಿತು. ಹಗ್ಗದ ಜಾಡು ಹಿಡಿದು ಕಣ್ಣು ದಡಕ್ಕೆ ಹೋಯಿತು. ಅಲ್ಲಿ ಫ್ಲೋರ್ಸ್, ಆಚೆ ತುದಿಯನ್ನು ಸೊಂಟಕ್ಕೆ ಮೂರು ಸುತ್ತು ಸುತ್ತಿಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ಹುಲ್ಲಿನಲ್ಲಿ ಕೂತಿದ್ದ. ಹೋದ ಜೀವ ಬಂತು.

ಆಗ ಅವಳು ನೋಡಿದಳು, ನೋಡಲೆಂದು ಬಂದದ್ದನ್ನು. ಕೆರೆಯ ಬೆಳ್ಳನೆಯ ಹೂವಿನ ನಡುವೆ ಕೆಂಪು ಟೊಪ್ಪಿ ನಿಧಾನಕ್ಕೆ ಸಾಗುತ್ತಿತ್ತು. ಅದು ಸಾಗಿದಲ್ಲೆಲ್ಲ ಹೂ ಸರಿದು, ಹಿಂದೆ ನೀಲಿ ನೀರಿನ ಒಂದು ದಾರಿ ಬಿಚ್ಚಿಕೊಳ್ಳುತ್ತಿತ್ತು, ದಡದಿಂದ ಶುರುವಾಗಿ ಟೊಪ್ಪಿಯವರೆಗೆ ಗೆರೆ ಎಳೆದಷ್ಟು ನೇರ. ನೀರಿನೊಳಗೆ ನಿಂತವರಿಗೆ ಚಳಿ ಗೊತ್ತು, ಕೆಸರು ಗೊತ್ತು, ಮೂಗಿನ ಮುಂದಿನ ಹೂ ಗೊತ್ತು. ತಮ್ಮ ಬೆನ್ನ ಹಿಂದೆ ಇಂಥದೊಂದು ದಾರಿ ಮೂಡುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಮೂವತ್ತೆರಡು ವರ್ಷ, ದಿನವೂ, ಅವರಿಬ್ಬರೂ ಇದನ್ನು ಬಿಡಿಸುತ್ತಿದ್ದರು!

ಬಿಳಿಗೂದಲಿನ ಹೆಂಗಸು ಫೋನು ಎತ್ತಿ ಹಿಡಿದಿದ್ದಳು. ರೋಸಿನಾ ಅವಳ ಕಡೆ ಬಾಗಿ, ಇಡೀ ನಡುಮನೆಗೆ ಕೇಳುವಂತೆ ಹೇಳಿದಳು: "ಅದು ನನ್ ತಂಗಿ!"

ಮೆತ್ತಗಿನ ರೋಸಿನಾಳಲ್ಲಿ ಇಂಥ ದನಿಯಿದೆಯೆಂದು ಬೆರ್ನಡೀನ್‌ಗೂ ಗೊತ್ತಿರಲಿಲ್ಲ. ಅವಳು ಒಳಗೆ ಹೋಗಿ ಡಬ್ಬಿ ತುಂಬಿಸಿ ತಂದಳು, ಐದು ಹೂವಲ್ಲ, ಡಬ್ಬಿಯ ಬಾಯಿ ಮುಚ್ಚದಷ್ಟು.

ರೋಸಿನಾ ಮುಂಬಾಗಿಲಿಂದಲೇ ಹೊರಬಿದ್ದು, ಒಂದು ಕೈಯಲ್ಲಿ ಹ್ಯಾಟು, ಇನ್ನೊಂದರಲ್ಲಿ ಡಬ್ಬಿ ಹಿಡಿದು ದಿಬ್ಬ ಇಳಿದಳು. ಸನ್ನಾ ಆಗಷ್ಟೇ ದಡಕ್ಕೆ ಬಂದು ಮೈ ಕೊಡವಿಕೊಳ್ಳುತ್ತಿದ್ದಳು.

"ನನ್ ಟೊಪ್ಪಿ ಕದ್ದೆ," ಎಂದಳು ರೋಸಿನಾ.

"ಮತ್ತೆ? ನೀನು ಅಲ್ಲಿ ಕೂತ್ರೆ ಕೆರೇಲಿ ಯಾರಿರ್ತಾರೆ ಸಸ್? ಏನ್ ನೋಡ್ತೀಯಾ, ಬಾತುಕೋಳಿನಾ?" ಸನ್ನಾ ಮೂಗೊರೆಸಿಕೊಂಡಳು. "ನಿನ್ನೆ ರಾತ್ರಿ ಹೊಳೀತು. ಆಮೇಲೆ ನಿದ್ದೆ ಬರ್ಲಿಲ್ಲ. ನಿನ್ ಟೊಪ್ಪಿ ನಾನು ಹಾಕ್ಕೊಂಡ್ರೆ ನಿಂಗೆ ನಿನ್ನನ್ನೇ ನೋಡ್ದಂಗಾಗುತ್ತೆ ಅಂತ."

"ನನ್ ಸೊಂಟ ಮುರೀತು," ಎಂದ ಫ್ಲೋರ್ಸ್. ಅವನ ಕಡೆ ಯಾರೂ ನೋಡಲಿಲ್ಲ.

"ಫೋರ್ಕಿನ ಮಾತು ಆಡ್ಬಾರ್ದಿತ್ತು ನಾನು," ಎಂದಳು ರೋಸಿನಾ. ಕಣ್ಣೀರು ಇಳಿಯಿತು.

"ನಿಜಾನೇ ಅಲ್ವಾ ಅದು? ನಂಗೆ ಹಿಡಿಯಕ್ಕೆ ಬರಲ್ಲ. ಬಿಡು. ಹೆಂಗ್ ಕಾಣ್ತಿತ್ತು ಹೇಳು."

ರೋಸಿನಾ ಹೇಳಿದಳು. ಬಿಳಿ ಹೂ, ಕೆಂಪು ಚುಕ್ಕೆ, ಹಿಂದೆ ನೀಲಿ ದಾರಿ. ಹೇಳುತ್ತಾ ಡಬ್ಬಿಯ ಮುಚ್ಚಳದ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದಳು. ಸನ್ನಾ ತನ್ನ ಬದುಕಿನಲ್ಲಿ ಮೊದಲ ಸಲ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೇಳಿದಳು.

"ಸುಳ್ಳು," ಎಂದಳು ಕೊನೆಗೆ.

"ಅಮ್ಮನಾಣೆ."

ಸನ್ನಾ ದಿಬ್ಬದ ಮೇಲಿನ ಕಿಟಕಿಯನ್ನೇ ದಿಟ್ಟಿಸಿದಳು. ಆಮೇಲೆ ರಬ್ಬರ್ ಉಡುಪಿನ ಪಟ್ಟಿಗೆ ಕೈ ಹಾಕಿದಳು. "ನಾನೂ ನೋಡ್ಬೇಕು. ನೀನಿಳಿ ಈಗ."

"ಈ ಉಡುಗೇಲಾ?"

"ಉಡುಗೆ ನಂಗೆ ಕೊಡು!"

ಪಂಪುಮನೆಯೊಳಗೆ ಅಕ್ಕತಂಗಿಯರು ಬಟ್ಟೆ ಬದಲಾಯಿಸಿಕೊಂಡ ಸಂಭ್ರಮವನ್ನು ಹೊರಗೆ ನಿಂತ ಫ್ಲೋರ್ಸ್ ಕಿವಿಯಾರೆ ಕೇಳಿದ. ಕಿರುಚಾಟ, ನಗು, ಏನೋ ಬಿದ್ದ ಸದ್ದು, ಮತ್ತೆ ನಗು. ಹಳದಿ ಉಡುಗೆ ಸನ್ನಾಳ ಬೆನ್ನಿನಲ್ಲಿ ಒಂದು ಗೇಣು ಕೂಡಲೊಲ್ಲದು. ಊಟ ಬಿಟ್ಟೆದ್ದ ತಾಯಿಯನ್ನು ವಾಪಸು ಕರೆಯಲು ಬಂದ ಬೆರ್ನಡೀನ್ ತನ್ನ ಬಿಳಿ ಏಪ್ರನ್ ಬಿಚ್ಚಿ ಚಿಕ್ಕಮ್ಮನ ಹೆಗಲಿಗೆ ಶಾಲಿನ ಹಾಗೆ ಹೊದಿಸಿದಳು.

"ಮುಂಬಾಗಿಲಿಂದಾನೇ ಹೋಗು," ಎಂದು ಕೂಗಿ ಹೇಳಿದಳು ರೋಸಿನಾ. "ಕಾಲು ಎಡಕ್ಕೆ ತಿರುಗುತ್ತೆ, ಬಿಡ್ಬೇಡ."

"ಡಬ್ಬಿ ಇಲ್ಲೇ ಇರ್ಲಿ," ಎಂದಳು ಸನ್ನಾ, ಹ್ಯಾಟನ್ನು ಓರೆಯಾಗಿಸಿಕೊಂಡು. "ಅಲ್ಲಿ ತಟ್ಟೇಲಿ ತಿಂತೀನಿ. ಬೆರ್ನಿ, ಫೋರ್ಕು ಯಾವ ಕೈಲಿ ಹಿಡೀಬೇಕು, ನಡೀತಾ ನಡೀತಾ ಹೇಳ್ಕೊಡು."

ನೀರು ಎಂದಿನಷ್ಟೇ ಕೊರೆಯುತ್ತಿತ್ತು. ರೋಸಿನಾ ಹಗ್ಗದ ಆಚೆ ತುದಿಯನ್ನು ಫ್ಲೋರ್ಸ್ ಸೊಂಟದಲ್ಲೇ ಬಿಟ್ಟು, ಈಚೆ ತುದಿ ಬಿಗಿದುಕೊಂಡು, ಕೆಂಪು ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡು ಕೆರೆಯ ನಡುವಿಗೆ ನಡೆದಳು. ಕೆಸರು ಕಾಲನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿತು. ಅವಳಿಗೆ ಯಾವುದೂ ಲೆಕ್ಕಕ್ಕಿರಲಿಲ್ಲ. ಬೆನ್ನ ಹಿಂದೆ ಏನು ಮೂಡುತ್ತಿದೆಯೆಂದು ಈಗ ಅವಳಿಗೆ ಗೊತ್ತಿತ್ತು, ಮತ್ತು ಅದನ್ನು ನೋಡುವವರು ಯಾರೆಂದೂ ಗೊತ್ತಿತ್ತು.

ತಲೆ ಎತ್ತಿದಳು. ಕಿಟಕಿಯಲ್ಲಿ ಹಳದಿ ಉಡುಗೆ ಕಂಡಿತು. ಹಳದಿ ತೋಳೊಂದು ಮೇಲೆದ್ದು, ಕಾರಿನಲ್ಲಿ ಬರುವ ಹೆಂಗಸರ ಥರವೇ, ಎರಡು ಬೆರಳಲ್ಲಿ ನಾಜೂಕಾಗಿ ಬೀಸಿತು.

ರೋಸಿನಾ ಕೈತುಂಬ ಹಿಡಿದಿದ್ದ ಹೂಗಳ ಸಮೇತ ಎರಡೂ ತೋಳು ಎತ್ತಿ, ಟ್ಯೂಬು ಅಲ್ಲಾಡಿ ಬಾತುಕೋಳಿಗಳು ಚೆದುರುವಂತೆ ಬೀಸಿದಳು.

"ಕೈ ಬೀಸಲ್ಲ ಅಂತಿದ್ರಲ್ಲ ನೀವು?" ಎಂದು ಫ್ಲೋರ್ಸ್ ದಡದಿಂದ ಕೂಗಿದ, ಡಬ್ಬಿಯಿಂದ ಒಂದು ತುಂಡು ಮಾಂಸ ಬಾಯಿಗೆ ಹಾಕಿಕೊಳ್ಳುತ್ತಾ.

"ಗಿರಾಕಿಗಳಿಗೆ ಬೀಸಲ್ಲ!" ಎಂದು ಕೂಗಿದಳು ರೋಸಿನಾ.

ಅಷ್ಟರಲ್ಲಿ ಮುನ್ನೂರು ವರ್ಷದ ಮನೆಯ ದೊಡ್ಡ ಕಿಟಕಿ ಧಡಾರನೆ ತೆರೆಯಿತು. ಊಟಕ್ಕೆ ಕೂತವರೆಲ್ಲ ತಿರುಗಿ ನೋಡುವಂತೆ, ಆಚೆ ದಡದ ಹಕ್ಕಿಗಳೆಲ್ಲ ಎದ್ದು ಹಾರುವಂತೆ ಸನ್ನಾಳ ದನಿ ಕೆರೆಯ ಮೇಲೆ ಬಂತು:

"ಸಸ್! ನೆಟ್ಟಗೆ ನಡಿಯೇ! ದಾರಿ ಸೊಟ್ಟ ಆಗ್ತಿದೆ!"